ಬೀಗವಿಲ್ಲದ ಗೇಟು ಮತ್ತು ನಮ್ಮ ವೇದಾವತಿ ಮೇಡಂ

ಅಗ್ನಿ ಸುರಕ್ಷತೆಯ ಕ್ಷೇತ್ರದಲ್ಲಿ ದುಡಿದವರ ಹಣೆಬರಹ ಸ್ವಲ್ಪ ವಿಚಿತ್ರವಾದದ್ದು. ಅವರು ಕೆಲಸವನ್ನು ಚೆನ್ನಾಗಿ ಮಾಡಿದಷ್ಟೂ ಏನೂ ಆಗುವುದಿಲ್ಲ, ಏನೂ ಆಗದ್ದಕ್ಕೆ ಯಾರೂ ಹಾರ ಹಾಕುವುದಿಲ್ಲ. ಸೇತುವೆ ಕಟ್ಟಿದವರಿಗೆ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಲು ಒಂದು ಸೇತುವೆಯಿರುತ್ತದೆ. ಬೆಂಕಿ ಬೀಳದಂತೆ ನೋಡಿಕೊಂಡವರು ಏನನ್ನು ತೋರಿಸಬೇಕು? ಸಿಂಗಪುರದ ಸೆಲೆಟಾರಿನ ವಿಮಾನ ದುರಸ್ತಿ ಉದ್ಯಮದಲ್ಲಿ ಮೂರು ದಶಕಗಳಷ್ಟು ಕಾಲ ಇಂಥ ಕಣ್ಣಿಗೆ ಕಾಣದ ಸೇವೆ ಸಲ್ಲಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀಮತಿ ವೇದಾವತಿ ಅರವಿಂದ ಅವರಿಗೆ ಸಹೋದ್ಯೋಗಿಗಳೂ ಇಲ್ಲಿನ ಕನ್ನಡ ಬಂಧುಗಳೂ ಸೇರಿ ಈ ಸಂಪುಟವನ್ನು ಅರ್ಪಿಸುತ್ತಿರುವುದು ನನಗೆ ಅತ್ಯಂತ ಸಂತೋಷದ ಸಂಗತಿ. ಅದರಲ್ಲಿ ನನ್ನದೂ ನಾಲ್ಕು ಮಾತಿರಲೆಂದು ಸಂಪಾದಕರು ಕೇಳಿದ್ದು ನನ್ನ ಭಾಗ್ಯವೆಂದೇ ತಿಳಿದಿದ್ದೇನೆ.

ಮೇಡಂ ಹುಟ್ಟಿದ್ದು ಕೃಷ್ಣರಾಜನಗರದಲ್ಲಿ, ಕೆಮಿಕಲ್ ಇಂಜಿನಿಯರಿಂಗ್ ಓದಿದ್ದು ಮೈಸೂರಿನಲ್ಲಿ. ತಂಜಾಂಗ್ ಪಗಾರಿನ ಬ್ಯಾಂಕೊಂದರಲ್ಲಿ ಉದ್ಯೋಗದಲ್ಲಿದ್ದ ಅರವಿಂದ ಅವರ ಕೈಹಿಡಿದು ಸಿಂಗಪುರಕ್ಕೆ ಬಂದ ಮೇಲೆ, ಕಲ್ಲಾಂಗಿನ ಮನೆಯಲ್ಲಿ ಕಿಟಕಿಯಾಚೆ ನೋಡುತ್ತ ಕೂರುವುದು ತಮ್ಮಿಂದಾಗದೆಂದು ನಮ್ಮ ಕಂಪನಿಯ ಪ್ರಯೋಗಾಲಯಕ್ಕೆ ಸಹಾಯಕಿಯಾಗಿ ಸೇರಿದರು. ನಮ್ಮದು ವಿಮಾನದ ಒಳಭಾಗದ ಫಲಕಗಳಿಗೆ ರೆಸಿನ್ ಎಂಬ ರಾಸಾಯನಿಕ ಅಂಟು ತುಂಬಿ ರಿಪೇರಿ ಮಾಡಿ ಬಣ್ಣ ಹೊಡೆಯುವ ಪುಟ್ಟ ಕಾರ್ಯಾಗಾರ. ಇಲ್ಲಿರುವ ವಸ್ತುಗಳಲ್ಲಿ ಹೆಚ್ಚಿನವು ಒಂದು ಕಿಡಿಗೆ ಕಾದು ಕುಳಿತಂಥವು. ಅದನ್ನು ಕಂಡು ಎಲ್ಲರೂ ದೂರ ಸರಿದರೆ ಮೇಡಂ ಹತ್ತಿರ ಹೋದರು. ಕೆಲಸ ಮಾಡುತ್ತಲೇ ಸುರಕ್ಷತೆಯ ಪರೀಕ್ಷೆಗಳನ್ನು ಮುಗಿಸಿ ಆ ವಿಭಾಗದ ಮುಖ್ಯಸ್ಥೆಯಾದರು. ನಾನು ಬಣ್ಣದ ವಿಭಾಗಕ್ಕೆ ಮೇಲ್ವಿಚಾರಕನಾಗಿ ಬರುವ ಹೊತ್ತಿಗೆ, ಅವರು ಕಾರಿಡಾರಿನಲ್ಲಿ ಕಂಡರೆ ಸಾಕು, ದಾರಿಗೆ ಅಡ್ಡವಿಟ್ಟ ಡಬ್ಬಗಳು ತಾವಾಗಿಯೇ ಗೋಡೆಗೆ ಸರಿಯುತ್ತವೆ ಎಂಬ ಮಾತು ಕಂಪನಿಯಲ್ಲಿ ಚಾಲ್ತಿಯಲ್ಲಿತ್ತು.

ಅವರ ಕಟ್ಟುನಿಟ್ಟನ್ನು ಕಂಡವರು ಬಹಳ, ಅದರ ಹಿಂದಿದ್ದ ಅಂತಃಕರಣವನ್ನು ಕಂಡವರು ಸ್ವಲ್ಪ ಕಡಿಮೆ. ಒಂದು ಉದಾಹರಣೆ ಹೇಳುತ್ತೇನೆ. ಬೆಂಕಿಯ ಗಂಟೆ ಬಾರಿಸಿದಾಗ "ಎಲ್ಲರೂ ಹೊರಗೆ ಬನ್ನಿ" ಎಂಬ ಘೋಷಣೆ ನಮ್ಮಲ್ಲಿ ಇಂಗ್ಲಿಷಿನಲ್ಲಷ್ಟೇ ಇತ್ತು. ಮೇಡಂ ಅದನ್ನು ಬಂಗಾಳಿ, ತಮಿಳು, ಮಲಯ್, ಚೀನೀ ಭಾಷೆಗಳಲ್ಲಿ ಕೆಲಸಗಾರರ ದನಿಯಲ್ಲೇ ರೆಕಾರ್ಡ್ ಮಾಡಿಸಿದರು. ಕೊನೆಗೆ ನನ್ನನ್ನು ಕರೆದು ಕನ್ನಡದಲ್ಲೂ ಹೇಳಿಸಿದರು. "ಮೇಡಂ, ಇಲ್ಲಿ ಕನ್ನಡದವರು ನಾವಿಬ್ರೇ ಅಲ್ವಾ?" ಎಂದು ನಾನು ನಕ್ಕರೆ, "ನೀವೊಬ್ರು ಒಳಗೆ ಉಳ್ಕೊಂಡ್ರೂ ನಂಗೆ ಲೆಕ್ಕ ತಪ್ಪತ್ತೆ ಜಗದೀಶ್. ಗಾಬ್ರಿಯಾದಾಗ ತಲೆಗೆ ಇಂಗ್ಲಿಷ್ ಹೋಗಲ್ಲ. ಮೈಕ್ ಹತ್ರ ಬಂದು ಜೋರಾಗಿ ಹೇಳಿ," ಎಂದರು. ಪರದೇಶದಲ್ಲಿ ನನ್ನ ಪ್ರಾಣಕ್ಕೆ ನನ್ನ ಭಾಷೆಯಲ್ಲಿ ಕಾವಲಿಟ್ಟ ಈ ಹೆಣ್ಣುಮಗಳನ್ನು ನಾನು ಆ ದಿನದಿಂದ ಮನಸ್ಸಿನಲ್ಲೇ ಅಕ್ಕ ಎಂದು ಕರೆಯುತ್ತ ಬಂದಿದ್ದೇನೆ. ಎದುರಿಗೆ ಕರೆಯುವ ಧೈರ್ಯ ಇನ್ನೂ ಬಂದಿಲ್ಲ.

ಅವರ ಸೇವಾವಧಿಯ ಬಹುದೊಡ್ಡ ಕಾರ್ಯವೆಂದರೆ ಪಕ್ಕದ ಕಂಪನಿಯೊಂದಿಗೆ ಮಾಡಿಕೊಂಡ ಅಗ್ನಿಶಾಮಕ ತಂಡದ ಒಪ್ಪಂದ. ಬೇರೆ ದೇಶಗಳಲ್ಲಿ ಅಕ್ಕಪಕ್ಕದ ಎರಡು ಊರುಗಳು ಸೇರಿ ಒಂದು ಅಗ್ನಿಶಾಮಕ ದಳವನ್ನು ಇಟ್ಟುಕೊಳ್ಳುವುದುಂಟಂತೆ. ಊರೇ ದೇಶವಾಗಿರುವ ಸಿಂಗಪುರದಲ್ಲಿ ಪಕ್ಕದೂರು ಎಂಬುದಿಲ್ಲ, ನಮಗೆ ಪಕ್ಕದೂರೆಂದರೆ ಬೇಲಿಯಾಚೆಯ ಕಂಪನಿಯೇ. ದೇಶದ ದಳ ಕರೆದ ತಕ್ಷಣ ಹೊರಟು ಬರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಬರುವವರೆಗಿನ ಮೊದಲ ನಿಮಿಷಗಳನ್ನು ನೋಡಿಕೊಳ್ಳಲು ನಮ್ಮಂಥ ಅಪಾಯದ ಸರಕಿರುವ ಕಡೆ ತರಬೇತಾದ ತಂಡವಿರಲೇಬೇಕೆಂಬುದು ಕಾನೂನು. ನಮ್ಮದು ಚಿಕ್ಕ ಕಂಪನಿ, ತಂಡ ಕಟ್ಟುವಷ್ಟು ಜನವಿಲ್ಲ. ಬೇಲಿಯಾಚೆಯದು ವಿಮಾನಗಳನ್ನೇ ಒಳಗೆ ನಿಲ್ಲಿಸಿಕೊಳ್ಳುವ ದೊಡ್ಡ ಹ್ಯಾಂಗರಿನ ದೊಡ್ಡ ಕಂಪನಿ. ಇಂದಿಗೂ ನಮ್ಮ ಪಾಲುದಾರರಾದ್ದರಿಂದ ಹೆಸರು ಬೇಡ, "ಆಚೆಯವರು" ಎಂದೇ ಬರೆಯುತ್ತೇನೆ. ಆಚೆಯವರಿಗೆ ತಂಡವಿತ್ತು, ಹಗಲು ಪಾಳಿಗೆ ಆಳು ಸಾಲುತ್ತಿರಲಿಲ್ಲ. ನಮ್ಮ ಬಣ್ಣದವರಿಗೂ ತರಬೇತಿ ಕೊಡಿಸಿ ಎರಡೂ ಕಡೆಗೆ ಒಂದೇ ತಂಡ ಮಾಡುವುದೆಂದು ಮಾತು ಶುರುವಾಯಿತು. ಒಪ್ಪಂದವಾಗದಿದ್ದರೆ ನಮ್ಮ ಬಣ್ಣದ ವಿಭಾಗವನ್ನು ಮುಚ್ಚಬೇಕಿತ್ತು. ಅಂದರೆ ನಾನೂ ನನ್ನ ಕೈಕೆಳಗಿನವರೂ ಬೇರೆ ಕೆಲಸ ಹುಡುಕಬೇಕಿತ್ತು.

ಆಚೆಯವರ ಪರವಾಗಿ ಮಾತಿಗೆ ಕೂತವರು ಅಲ್ಲಿನ ಕಾರ್ಯಾಚರಣೆಯ ಮುಖ್ಯಸ್ಥ ವಿಶ್ವಜಿತ್. ಇವರೂ ಕನ್ನಡಿಗರೇ, ಈ ಸಂಪುಟದ ಸಂಪಾದಕರಲ್ಲಿ ಒಬ್ಬರು. "ನನ್ ಹೆಸ್ರು ಮುಚ್ಚಿಡ್ಬೇಡಿ, ಆಗಿದ್ದು ಆಗಿದ್ ಹಾಗೇ ಬರೀರಿ," ಎಂದು ಅವರೇ ಹೇಳಿರುವುದರಿಂದ ನನ್ನ ಲೇಖನಿಗೆ ಅಂಜಿಕೆಯಿಲ್ಲ. ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ "ಆಂಟಿ, ಇನ್ನೊಂದು ಒಬ್ಬಟ್ಟು ಹಾಕ್ಸ್ಕೊಳಿ" ಎನ್ನುವ ಈ ಮನುಷ್ಯ, ಸೋಮವಾರ ಸಭೆಯ ಕೋಣೆಯಲ್ಲಿ ಅದೇ ಆಂಟಿಯನ್ನು "ಮೇಡಂ" ಎಂದು ಕರೆದು ಪ್ರತಿಯೊಂದು ಕರಾರಿಗೂ ಕೊಕ್ಕೆ ಹಾಕುತ್ತಿದ್ದರು. ಮೇಡಂ ಕೂಡ ಕಮ್ಮಿಯೇನಲ್ಲ. ಒಬ್ಬಟ್ಟನ್ನು ತಿಂದರು, ಕರಾರನ್ನು ಬಿಡಲಿಲ್ಲ.

ಹೀಗೆ ವರ್ಷಕ್ಕೂ ಮೇಲೆ ಎಳೆದಾಡಿ ಕಡೆಗೆ ಎಲ್ಲವೂ ತೀರ್ಮಾನವಾಗಿ ಉಳಿದದ್ದು ಒಂದೇ, ಬೇಲಿಯಲ್ಲಿದ್ದ ಒಂದು ಗೇಟು. ಎರಡೂ ಕಂಪನಿಗಳ ನಡುವಿನ ಬೇಲಿಗೆ ನಮ್ಮ ಕಾವಲುಮನೆಯ ಪಕ್ಕದಲ್ಲೇ ಒಂದು ಗೇಟಿದೆ. ಗಿರಾಕಿಗಳ ವಿಮಾನಗಳು ಒಳಗಿರುತ್ತವೆ, ಹೊರಗಿನವರು ಕಾಲಿಡಬಾರದೆಂದು ಆಚೆಯವರು ಅದಕ್ಕೆ ಬೀಗ ಜಡಿದು ಬೀಗದಕೈಯನ್ನು ತಮ್ಮ ಕಚೇರಿಯಲ್ಲಿಟ್ಟಿದ್ದರು. ಮೇಡಂ ಬೀಗ ತೆಗೆಯಿರಿ ಎಂದರು. ಆಚೆಯವರು ಸಾಧ್ಯವಿಲ್ಲವೆಂದರು, ತಂಡ ರಸ್ತೆಯ ಮೇಲೆ ಸುತ್ತಿ ನಿಮ್ಮ ಮುಖ್ಯ ಬಾಗಿಲಿಗೇ ಬರುತ್ತದೆ, ಎಷ್ಟು ಹೊತ್ತು ಮಹಾ, ಎಂದು ವಾದಿಸಿದರು. ಸರಿ, ಒಂದು ಅಣಕು ಕಾರ್ಯಾಚರಣೆ ಮಾಡಿ ನೋಡೋಣವೆಂದು ನಿಶ್ಚಯವಾಯಿತು.

ಅಂದು ನಡೆದದ್ದನ್ನು ನೆನೆದರೆ ನನಗೆ ಇಂದಿಗೂ ನಗು ಬರುತ್ತದೆ. ನಮ್ಮ ರೆಸಿನ್ ಕೋಣೆಯಿಂದ ಹೊಗೆಯ ಯಂತ್ರ ಹೊಗೆಯುಗುಳುತ್ತಿತ್ತು. ಆಚೆಯ ತಂಡ ಹೆಲ್ಮೆಟ್ಟು, ಸಿಲಿಂಡರು, ಪೈಪುಗಳ ಸಮೇತ ವ್ಯಾನಿನಲ್ಲಿ ಭರ್ರನೆ ಬಂದು ನಮ್ಮ ಬಾಗಿಲಲ್ಲಿ ನಿಂತಿತು. ಕಾವಲಿಗಿದ್ದವರು ಅಂಕಲ್ ಸೆಂಗ್. ನಿವೃತ್ತಿಯ ವಯಸ್ಸು ದಾಟಿದ ಮೇಲೂ ಏಜೆನ್ಸಿಯ ಮೂಲಕ ನಮ್ಮಲ್ಲಿ ದುಡಿಯುತ್ತಿದ್ದ, ಇಸ್ತ್ರಿ ಮಾಡಿದ ಅಂಗಿಯ ಚೀನೀ ಹಿರಿಯರು. ಅವರು ಕೈಯೆತ್ತಿ ವ್ಯಾನನ್ನು ನಿಲ್ಲಿಸಿ, "ಪಾಸ್ ಫಸ್ಟ್. ನೋ ಪಾಸ್, ಕ್ಯಾನಾಟ್ ಲಾ," ಎಂದರು. ತಂಡದವರು ಹೊಗೆ ತೋರಿಸಿದರು. ಅಂಕಲ್ ಹೊಗೆ ನೋಡಿದರು, ತಲೆಯಾಡಿಸಿದರು, ಪೆನ್ನು ಮುಂದೆ ಮಾಡಿದರು. ಬೆಂಕಿ ಆರಿಸಲು ಬಂದ ವೀರರೆಲ್ಲ ಸಾಲಾಗಿ ನಿಂತು, ಕೈಗವಸು ಕಳಚಿ, ಗುರುತಿನ ಚೀಟಿ ತೋರಿಸಿ, ಹೆಸರು ಬರೆಸಿ, ಒಬ್ಬೊಬ್ಬರಾಗಿ ವಿಸಿಟರ್ ಪಾಸನ್ನು ಕೊರಳಿಗೆ ಹಾಕಿಕೊಂಡರು. ಒಬ್ಬನ ಗುರುತಿನ ಚೀಟಿ ಲಾಕರಿನಲ್ಲಿ ಉಳಿದಿತ್ತು. ಅವನನ್ನು ಅಂಕಲ್ ಒಳಗೆ ಬಿಡಲೇ ಇಲ್ಲ. ಅಷ್ಟರಲ್ಲಿ ಹೊಗೆಯ ಯಂತ್ರದಲ್ಲಿ ಹೊಗೆಯೇ ಮುಗಿದುಹೋಯಿತು.

ಮರುದಿನದ ಸಭೆಯಲ್ಲಿ ಯಾರೂ ನಗಲಿಲ್ಲ. ವಿಶ್ವಜಿತ್ ಒಂದು ಸುಲಭದ ದಾರಿ ತೆಗೆದರು. "ಮೇಡಂ, ಸಿಂಪಲ್. ರಿಪೋರ್ಟ್‌ನಲ್ಲಿ ಗಾರ್ಡ್ ತಪ್ಪು ಅಂತ ಬರೀರಿ, ಅವರನ್ನ ರಿಪ್ಲೇಸ್ ಮಾಡ್ಸಿ. ಈ ವಾರಾನೇ ಸೈನ್ ಮಾಡಿ ಮುಗಿಸ್ಬಿಡೋಣ." ನಮ್ಮ ಬಾಸ್ ಕೂಡಲೇ ಒಪ್ಪಿದರು. ಏಜೆನ್ಸಿಗೆ ಒಂದು ಫೋನು ಮಾಡಿದರೆ ಬೇರೆ ಕಾವಲುಗಾರ ಬರುತ್ತಿದ್ದ. ನಮ್ಮೆಲ್ಲರ ಕೆಲಸ ಉಳಿಯುತ್ತಿತ್ತು. ನನ್ನ ಮನಸ್ಸೂ ಸಹಿ ಹಾಕಿ ಮುಗಿಸಲಿ ಎಂದೇ ಬಯಸುತ್ತಿತ್ತೆಂದು ಹೇಳಲು ಸಂಕೋಚವೇನಿಲ್ಲ, ಅನ್ನದ ಪ್ರಶ್ನೆಯಾಗಿತ್ತು.

ಮೇಡಂ ಪೆನ್ನು ಮುಟ್ಟಲಿಲ್ಲ. "ತಪ್ಪು ಅಂತ ಹೆಂಗ್ ಬರೀಲಿ ವಿಶ್ವಜಿತ್? ಪಾಸ್ ಇಲ್ದೆ ಯಾರನ್ನೂ ಬಿಡ್ಬೇಡಿ ಅಂತ ಅವರಿಗೆ ಹೇಳಿದ್ದು ನಾವು. ಬೆಂಕಿ ಬಿದ್ರೆ ಬಿಡಿ ಅಂತ ನಾನಾಗ್ಲಿ ನೀವಾಗ್ಲಿ ಒಂದ್ ಸಲಾನಾದ್ರೂ ಹೇಳಿದೀವಾ? ನಾವ್ ಹೇಳಿದ್ದನ್ನ ಚಾಚೂ ತಪ್ಪದೆ ಮಾಡಿದ ಮನುಷ್ಯನ್ನ ಮನೆಗೆ ಕಳ್ಸಿ, ನಾವ್ ಮಾತ್ರ ಕುರ್ಚಿ ಮೇಲೆ ಕೂತಿರೋದಾ?"

"ಹಂಗಾದ್ರೆ ಡೀಲ್ ಇಲ್ಲ ಮೇಡಂ. ನಿಮ್ ಪೇಂಟ್ ಶಾಪ್ ಕ್ಲೋಸ್ ಆಗತ್ತೆ."

"ಆಗ್ಲಿ. ಆ ವಯಸ್ಸಾದೋರ ತಲೆ ಮೇಲೆ ಕಾಲಿಟ್ಟು ನಮ್ ಅಂಗಡಿ ನಡ್ಸೋದು ಬೇಡ," ಎಂದು ಮೇಡಂ ಎದ್ದುಬಿಟ್ಟರು. ನಮ್ಮ ಬಾಸ್ ಮುಖ ಗಂಟಿಕ್ಕಿಕೊಂಡರು.

ಆಮೇಲಿನ ವಾರಗಳು ನಮಗೆಲ್ಲ ಕಷ್ಟದವು. ಬಣ್ಣದ ವಿಭಾಗದಲ್ಲಿ ಕೆಲವರು ಮೇಡಂ ಬಂದರೆ ಮಾತು ನಿಲ್ಲಿಸುತ್ತಿದ್ದರು. ಅವರು ಅದನ್ನು ಗಮನಿಸಿದರೂ ಗಮನಿಸದವರಂತೆ ಎಲ್ಲರ ಉಸಿರಾಟದ ಮುಖವಾಡಗಳನ್ನು ಎಂದಿನಂತೆ ಪರೀಕ್ಷಿಸುತ್ತಿದ್ದರು. ಆ ಅವಧಿಯಲ್ಲೇ ಅವರು ಹೊಸ ಕರಾರೊಂದನ್ನು ಬರೆದರು. ಬೇಲಿಯ ಗೇಟಿಗೆ ಬೀಗವಿರಕೂಡದು, ಎಳೆದರೆ ಮುರಿಯುವ ಒಂದು ಪ್ಲಾಸ್ಟಿಕ್ ಸೀಲು ಮಾತ್ರ ಇರಬೇಕು. ಎರಡು ಕಡೆಯಲ್ಲಿ ಎಲ್ಲೇ ಬೆಂಕಿಯ ಗಂಟೆ ಬಾರಿಸಿದರೂ ಸೀಲನ್ನು ಮುರಿದು ಗೇಟು ತೆಗೆಯುವ ಅಧಿಕಾರ ಅಲ್ಲಿನ ಕಾವಲುಗಾರರದ್ದು, ಅವರು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ.

ವಿಶ್ವಜಿತ್ ಅದನ್ನೋದಿ ಹೌಹಾರಿದರು. "ಗಾರ್ಡ್ ಕೈಗೆ ಕೊಡ್ತೀರಾ? ಅದೂ ಅವರ ಕೈಗಾ?"

"ಅವರ ಕೈಗೇ. ಹೊಗೆ ಕಣ್ಮುಂದೆ ಬರ್ತಿದ್ರೂ ನಿಮ್ ತಂಡಕ್ಕೆ ಹೆದರ್ದೆ ರೂಲ್ ಪಾಲಿಸಿದ್ರಲ್ಲ? ತೆಗೀರಿ ಅಂತ ರೂಲ್ ಮಾಡಿ, ನಾನಾಗ್ಲಿ ನೀವಾಗ್ಲಿ ಬಂದು ಬೇಡ ಅಂದ್ರೂ ತೆಗೀತಾರೆ. ಅಂಥವರು ನಿಮ್ ಕಡೆ ಯಾರಿದಾರೆ, ಹೇಳಿ ನೋಡೋಣ."

ವಿಶ್ವಜಿತ್ ಅವರ ದೊಡ್ಡಗುಣವನ್ನು ಇಲ್ಲಿ ಹೇಳಲೇಬೇಕು: ತಮ್ಮ ಮೇಲಿನವರ ಮುಂದೆ ಆ ಕರಾರಿಗಾಗಿ ವಾದಿಸಿ ಒಪ್ಪಿಸಿಕೊಂಡು ಬಂದವರು ಅವರೇ. ತಂಜಾಂಗ್ ಪಗಾರಿನ ವಕೀಲರ ಕಚೇರಿಯಲ್ಲಿ ಸಹಿಯಾಯಿತು. ಮೇಡಂ ಅಂಕಲ್ ಸೆಂಗ್ ಪಕ್ಕ ನಿಂತು, ಹೊಸ ನಿಯಮವನ್ನು ಅವರಿಗೆ ಓದಿ ಹೇಳಿ, ಅವರ ಕೈಯಿಂದಲೇ ಒಂದು ಸೀಲನ್ನು ಮುರಿಸಿದರು.

ನಮ್ಮಂಥ ಬಡ ನೆರೆಯವರಿಗೆ ಉಪಕಾರ ಮಾಡಿದ್ದೇವೆಂದು ಆಚೆಯವರು ತಿಳಿದಿದ್ದರು. ಬೆಂಕಿ ಬಿದ್ದದ್ದು ಮಾತ್ರ ಅವರ ಹ್ಯಾಂಗರಿನಲ್ಲಿ. ಹೋದ ವರ್ಷ ಒಂದು ಮಧ್ಯಾಹ್ನ, ಅವರ ತಂಡದ ಹೆಚ್ಚಿನವರು ರನ್‌ವೇ ಕಡೆ ಇಂಜಿನ್ ಪರೀಕ್ಷೆಯ ಕಾವಲಿಗೆ ಹೋಗಿದ್ದಾಗ, ವಿಮಾನದ ಬಾಲದ ಬಳಿ ಕಟ್ಟಿದ್ದ ಅಟ್ಟಣೆಯ ಕೆಳಗೆ ಬೆಂಕಿ ಹತ್ತಿಕೊಂಡಿತು. ಮೇಲೆ ಕೆಲಸ ಮಾಡುತ್ತಿದ್ದ ಖುಷಿ ಎಂಬ ಕಿರಿಯ ಇಂಜಿನಿಯರ್‌ಗೆ ಇಳಿಯುವ ಮೆಟ್ಟಿಲು ಹೊಗೆಯಲ್ಲಿ ಕಾಣದಾಯಿತು. ಗಂಟೆ ಕೇಳಿ ನಾವು, ಬಣ್ಣದ ವಿಭಾಗದವರು, ಸಿಲಿಂಡರು ಬೆನ್ನಿಗೇರಿಸಿಕೊಂಡು ಓಡುವಷ್ಟರಲ್ಲಿ ಬೇಲಿಯ ಗೇಟು ಹಾರುಹೊಡೆದಿತ್ತು, ಮುರಿದ ಸೀಲನ್ನು ಹಿಡಿದ ಅಂಕಲ್ ಸೆಂಗ್ "ಗೋ, ಗೋ!" ಎಂದು ಕೂಗುತ್ತಿದ್ದರು. ಯಾರೂ ಪಾಸು ಕೇಳಲಿಲ್ಲ. ನಮ್ಮವರು ಖುಷಿಯನ್ನು ಕೆಳಗಿಳಿಸಿ ಆಚೆ ತಂದರು; ಬೆನ್ನಿಗೇ ದೇಶದ ದಳ ಬಂದು ಬೆಂಕಿಯನ್ನು ಪೂರ್ತಿ ನಂದಿಸಿತು.

ವಿಚಾರಣೆಯಲ್ಲಿ ವಿಶ್ವಜಿತ್ ನಿಯಮದಂತೆ ಅಂಕಲ್ ಸೆಂಗ್ ಅವರನ್ನು ಯಾರ ಅನುಮತಿ ಪಡೆದು ಗೇಟು ತೆಗೆದಿರೆಂದು ಕೇಳಬೇಕಾಯಿತು. "ಯಾರನ್ನೂ ಕೇಳಲಿಲ್ಲ, ಕೇಳಬೇಕಿಲ್ಲವೆಂದು ಮೇಡಂ ಹೇಳಿದ್ದಾರೆ," ಎಂದು ಅವರು ಉತ್ತರಿಸಿದರು. ಆ ಉತ್ತರ ಕೇಳಿ ತಮಗೆ ತಲೆ ಎತ್ತಲಾಗಲಿಲ್ಲವೆಂದು ವಿಶ್ವಜಿತ್ ನನ್ನ ಬಳಿ ಹೇಳಿಕೊಂಡರು.

ಖುಷಿಯ ತಾಯಿ ಸತ್ಯವತಿಯವರು ಮರುವಾರ ಕಲ್ಲಾಂಗಿನ ಮನೆಗೆ ಹೋಗಿ ಮೇಡಂ ಕೈ ಹಿಡಿದುಕೊಂಡು ಅತ್ತರಂತೆ. ಮೇಡಂ ಅವರಿಗೆ ಕುಂಕುಮ ಕೊಟ್ಟು, "ನನಗಲ್ಲ ರೀ, ಗೇಟ್ ಹತ್ರ ಒಬ್ರಿದಾರೆ, ಅವರಿಗೆ ಹೇಳಿ," ಎಂದು ಕಳಿಸಿದರು. ಆಕೆ ಕೋಡುಬಳೆಯ ಡಬ್ಬಿ ಹಿಡಿದು ನಮ್ಮ ಕಾವಲುಮನೆಗೆ ಬಂದರೆ, "ಆನ್ ಡ್ಯೂಟಿ, ಕ್ಯಾನಾಟ್ ಟೇಕ್," ಎಂದು ಅಂಕಲ್ ಕೈ ಆಡಿಸಿಬಿಟ್ಟರು. ಸತ್ಯವತಿಯವರು ವಾದಿಸಲಿಲ್ಲ. ಎದುರಿನ ಬಸ್‌ಸ್ಟಾಪಿನ ಬೆಂಚಿನ ಮೇಲೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅಂಕಲ್ ಪಾಳಿ ಮುಗಿಯುವವರೆಗೂ ಕೂತರು. ಬಸ್ಸಿಗಾಗಿ ಬಂದ ನಾನೂ ಪಕ್ಕದಲ್ಲಿದ್ದೆ. ಸಂಜೆ ಅಂಗಿ ಬದಲಿಸಿ ಹೊರಬಂದ ಅಂಕಲ್, ಆಕೆ ಇನ್ನೂ ಅಲ್ಲೇ ಇರುವುದನ್ನು ಕಂಡು ಗಕ್ಕನೆ ನಿಂತರು. "ಅಣ್ಣಾ, ನನ್ ಮಗಳು ಮನೆಗೆ ಬಂದ್ಲು," ಎಂದು ಆಕೆ ಕನ್ನಡದಲ್ಲೇ ಹೇಳಿ ಡಬ್ಬಿ ನೀಡಿದರು. ನಾನು ಅದರ ಅರ್ಥ ಹೇಳಿದೆ. ಅಂಕಲ್ ಎರಡೂ ಕೈಯಲ್ಲಿ ಡಬ್ಬಿ ತೆಗೆದುಕೊಂಡು, "ಡಾಟರ್ ಓಕೆ? ಗುಡ್, ಗುಡ್," ಎನ್ನುತ್ತ ಬಹಳ ಹೊತ್ತು ತಲೆಯಾಡಿಸುತ್ತಲೇ ಇದ್ದರು.

ವೇದಾವತಿ ಮೇಡಂ, ನಿವೃತ್ತಿ ಎಂಬುದು ಕಂಪನಿಯ ಲೆಕ್ಕಕ್ಕೆ ಮಾತ್ರ. ಸುತ್ತಲಿನ ಸಣ್ಣ ಕಾರ್ಯಾಗಾರಗಳು ತಮಗೂ ಇಂಥದೊಂದು ಒಪ್ಪಂದ ಮಾಡಿಕೊಡಿರೆಂದು ಆಗಲೇ ನಿಮ್ಮ ಮನೆಬಾಗಿಲು ತಟ್ಟುತ್ತಿವೆಯೆಂದು ಕೇಳಿ ನಮಗೆಲ್ಲ ಹಿಗ್ಗಾಗಿದೆ. ಅರವಿಂದ ಅವರೊಡನೆ ಆರೋಗ್ಯವಾಗಿ, ನೆಮ್ಮದಿಯಾಗಿ, ಇಷ್ಟೇ ಖಡಕ್ಕಾಗಿ ನೀವು ನೂರ್ಕಾಲ ಬಾಳಬೇಕು. ಇನ್ನೂ ಹಲವು ಬೇಲಿಗಳ ಬೀಗ ಬಿಚ್ಚಿಸಬೇಕು. ಅಂದು ನೀವು ಆ ವರದಿಗೆ ಸಹಿ ಹಾಕಿದ್ದರೆ ನಮ್ಮ ಕೆಲಸವೇನೋ ಬೇಗನೆ ಉಳಿಯುತ್ತಿತ್ತು. ಆದರೆ ಗೇಟಿಗೆ ಬೀಗವಿರುತ್ತಿತ್ತು, ಅಂಕಲ್ ಸೆಂಗ್ ಅಲ್ಲಿರುತ್ತಿರಲಿಲ್ಲ, ಸತ್ಯವತಿಯವರು ಬೇರೆ ಯಾವ ಬಾಗಿಲಲ್ಲಿ ಕೂತು ಯಾವ ಸುದ್ದಿಗೆ ಕಾಯಬೇಕಾಗುತ್ತಿತ್ತೋ, ಅಕ್ಕಾ, ಅದನ್ನು ನೆನೆಯಲೂ ನನಗೆ ಧೈರ್ಯ ಸಾಲುವುದಿಲ್ಲ.