ದುರ್ಗದ ಕೋಟೆ, ಮೈಸೂರಿನ ಅರಮನೆ

ಸ್ನೇಹಿತರೇ, ಇವತ್ತು ಮೈಸೂರು ಅರಮನೆಯ ಅಂಗಳದಲ್ಲಿ ನಮ್ಮ ಮಗಳ ಮದುವೆ ಮಾತುಕತೆ ಮುರಿದೇಹೋಗುವುದರಲ್ಲಿತ್ತು. ಹುಡುಗನ ಮನೆಯವರು ಚಿತ್ರದುರ್ಗದಿಂದ ಬಂದಿದ್ದರು. ಒಪ್ಪಿಗೆ ಹೇಳುವ ಮೊದಲು ಊರು ನೋಡೋಣ ಎಂದರು. ನಮ್ಮ ಯಜಮಾನರು ಹುರುಪಿನಿಂದ ಕರೆದುಕೊಂಡು ಹೋಗಿ, "ನೋಡಿ, ನಾವೀಗ ನಿಂತಿರೋದೇ ಕೋಟೆ ಒಳಗೆ" ಎಂದರು.

ಹುಡುಗನ ತಂದೆ ಸುತ್ತಲೂ ನೋಡಿ, "ಇದು ಕೋಟೆನಾ? ಕಾಂಪೌಂಡ್ ಗೋಡೆ ಇದ್ದಂಗೈತಲ್ರೀ! ಕೋಟೆ ಅಂದ್ರೆ ನಮ್ದು, ಏಳು ಸುತ್ತು" ಎಂದುಬಿಟ್ಟರು.

ನಮ್ಮವರ ಮುಖ ಕೆಂಪಾಯಿತು. "ಏಳು ಸುತ್ತು ದಾಟಿ ಒಳಗೆ ಹೋದ್ರೂ ಬರೀ ಬಂಡೆ ತಾನೇ? ನಮ್ದರಲ್ಲಿ ಅರಮನೆ ಇದೆ ಕಣ್ರೀ!"

ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ ನಿಂತರು. ಮಗಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹುಡುಗ ಪಾಪ, ನೆಲ ನೋಡುತ್ತಿದ್ದ.

ಅಷ್ಟರಲ್ಲಿ ಪಕ್ಕದಲ್ಲಿ ಸೆಲ್ಫಿ ತೆಗೆಯುತ್ತಿದ್ದ ಪ್ರವಾಸಿಗರೊಬ್ಬರು, "ಇಷ್ಟೇನಾ ಅರಮನೆ? ಫೋಟೋದಲ್ಲೇ ಚೆನ್ನಾಗಿತ್ತು" ಎಂದು ಮೂಗು ಮುರಿದರು.

ಹುಡುಗನ ತಂದೆ ಗರ್ರನೆ ತಿರುಗಿದರು. "ಏನ್ ಸ್ವಾಮಿ, ಕಣ್ಣು ಮನೇಲಿ ಬಿಟ್ಟು ಬಂದೀರಾ? ನಮ್ಮ ಬೀಗರ ಅರಮನೆ ಇದು!"

ಬೀಗರು! ಮಗಳ ಹಿಡಿತ ಸಡಿಲವಾಯಿತು. ಆ ಅರಮನೆಯ ಒಂದು ಇಟ್ಟಿಗೆಯೂ ತಮ್ಮದಲ್ಲದ ನಮ್ಮವರು ಮಾತ್ರ, ಮಹಾರಾಜರ ಗತ್ತಿನಲ್ಲಿ ಮೆಲ್ಲಗೆ ತಲೆಯಾಡಿಸಿದರು.