ಕರಿಬಸಮ್ಮನ ಹೆಣ್ಣು ಹೋತ

ಕತ್ತಲಗೆರೆಯ ಶಾಲೆಯಲ್ಲಿ ಇಂಗ್ಲಿಷ್ ಚೆನ್ನಾಗಿ ಕಲಿತವರು ಯಾರೆಂದರೆ ನಾನು ಬಿಸಿಯೂಟದ ಕರಿಬಸಮ್ಮನ ಹೆಸರು ಹೇಳುತ್ತೇನೆ. ಹನ್ನೆರಡು ವರ್ಷದಿಂದ ಆಕೆಯ ಒಲೆಗೂ ನಾಲ್ಕನೇ ತರಗತಿಗೂ ನಡುವೆ ಒಂದೇ ಗೋಡೆ. ಮಕ್ಕಳು ಗಂಡು–ಹೆಣ್ಣು ಪ್ರಾಣಿಗಳ ಹೆಸರನ್ನು ‘ಬುಲ್–ಕೌ, ಕಾಕ್–ಹೆನ್, ಬಕ್–ಡೋ’ ಎಂದು ಜೋಡಿಯಾಗಿ ಒದರಿ ಮಧ್ಯಾಹ್ನಕ್ಕೆ ಮರೆಯುತ್ತಿದ್ದರು, ಆಕೆ ಮರೆಯಲಿಲ್ಲ. ಅಡುಗೆಮನೆಗೆ ನುಗ್ಗಿದ ಹುಂಜವನ್ನು ಇಂಗ್ಲಿಷಿನಲ್ಲೇ ಹೆಸರು ಹಿಡಿದು ಬೈದು ಓಡಿಸುತ್ತಿದ್ದಳು.

ಇಷ್ಟು ಬಲ್ಲವಳು ತನ್ನ ಗುರುತಿನ ಚೀಟಿಯಲ್ಲಿ ಮಾತ್ರ ಗಂಡಸು. ಬಸ್ ನಿಲ್ದಾಣದ ಬಳಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಮೈದುನ ಧರ್ಮಪ್ಪ ಅರ್ಜಿ ತುಂಬುವಾಗ ‘ಮೇಲ್’ ಎಂದು ಒತ್ತಿಬಿಟ್ಟಿದ್ದ. ಊರಿನ ಹೆಂಗಸರೆಲ್ಲ ಪುಕ್ಕಟೆ ಬಸ್ಸಿನಲ್ಲಿ ಸಂತೇಬೆನ್ನೂರು ಸಂತೆಗೆ ಹೋದರೆ ಈಕೆ ಟಿಕೆಟ್ ತೆಗೆಸಬೇಕು. ತಿದ್ದಿಕೊಡು ಎಂದರೆ ಧರ್ಮಪ್ಪ ತಲೆ ಎತ್ತದೆ ಹೇಳುತ್ತಿದ್ದ: “ಸರ್ವರ್ ಇಲ್ಲ ಅತ್ತಿಗೆ. ಅಲ್ಲೀತನಕ ಕಾಗದದಾಗೆ ಏನೈತೋ ಅದೇ ಖರೆ.” ಎರಡು ವರ್ಷ ಹೀಗೇ ಆಟ ಆಡಿಸಿದ. ನೋಡುವ ನನಗೇ ಮೈ ಉರಿಯುತ್ತಿತ್ತು.

ಈ ಮಹಾಶಯ ತನ್ನ ಬೋರಿನಲ್ಲಿ ನೀರು ಬಿದ್ದರೆ ಊರಮ್ಮನಿಗೆ ಹೋತ ಬಲಿ ಕೊಡುತ್ತೇನೆಂದು ಹರಕೆ ಹೊತ್ತ. ಹರಕೆಗೆ ಹೇಳಿದ್ದು ತನ್ನ ಹೋತವನ್ನಲ್ಲ, ಕರಿಬಸಮ್ಮ ಸೀಸೆಯಲ್ಲಿ ಹಾಲು ಕುಡಿಸಿ ಸಾಕಿದ ಕೆಂಚನನ್ನು. ನೀರು ಬಿತ್ತು. ದೇವರ ಹೆಸರು ಬಂದಮೇಲೆ ಕೊಡುವುದಿಲ್ಲ ಎನ್ನಲು ಆಕೆಗೂ ಹೆದರಿಕೆ. ಎರಡು ದಿನ ಅನ್ನ ಸೇರಲಿಲ್ಲ.

ಮೂರನೆಯ ದಿನ ದನಕುರಿಗಳ ಕಿವಿಗೆ ನಂಬರಿನ ಬಿಲ್ಲೆ ಚುಚ್ಚುವವರು ಊರಿಗೆ ಬಂದರು. ಬರೆದುಕೊಳ್ಳುವವನ ಕಣ್ಣು ಮೊಬೈಲಿನಲ್ಲೇ ಇತ್ತು. ಕೆಂಚನ ಸರದಿ ಬಂದಾಗ ಗಂಡೋ ಹೆಣ್ಣೋ ಎಂದು ಕೇಳಿದ. ಕರಿಬಸಮ್ಮ ಗಂಭೀರವಾಗಿ “ಡೋ” ಎಂದಳು. ಇಂಗ್ಲಿಷ್ ಬಂದದ್ದೇ ತಡ, ಅವನು ಹೆಣ್ಣು ಎಂದು ಒತ್ತಿ ಚೀಟಿ ಕೊಟ್ಟ.

ಹಗ್ಗ ಹಿಡಿದು ಬಂದ ಧರ್ಮಪ್ಪನ ಕೈಗೆ ಆಕೆ ಆ ಚೀಟಿ ಇಟ್ಟಳು. ಅಮ್ಮನಿಗೆ ಹೆಣ್ಣುಮೇಕೆ ಕೊಡುವ ಪದ್ಧತಿ ನಮ್ಮ ಕಡೆ ಇಲ್ಲ. ಧರ್ಮಪ್ಪ ಚೀಟಿ ನೋಡಿದ, ಕೆಂಚನ ಗಡ್ಡ ನೋಡಿದ, ಬಗ್ಗಿ ಉಳಿದದ್ದನ್ನೂ ನೋಡಿದ.

“ಗಂಡು ಅಂತ ಕಣ್ಣಿಗೇ ಕಾಣ್ತೈತಲ್ಲ ಅತ್ತಿಗೆ.”

“ಹೆಂಗಸು ಅಂತ ನಾನೂ ಕಾಣ್ತಿದ್ದೆನಲ್ಲಪ್ಪ, ಎರಡು ವರ್ಷದಿಂದ.”

ಧರ್ಮಪ್ಪ ಹಗ್ಗ ಸುತ್ತಿಕೊಂಡು ಹೋದ. ಮರುದಿನವೇ ಸರ್ವರ್ ಬಂತು. ಆ ವಾರ ಕರಿಬಸಮ್ಮ ಹೆಂಗಸಾಗಿ ಸಂತೆಗೆ ಹೋಗಿಬಂದಳು. ಕೆಂಚನ ಚೀಟಿ ಯಾವಾಗ ತಿದ್ದಿಸುತ್ತೀರಿ ಎಂದು ಧರ್ಮಪ್ಪ ಈಗಲೂ ಕೇಳುತ್ತಾನೆ. ಆಕೆ ಕೆಂಚನಿಗೆ ಸೊಪ್ಪು ಹಾಕುತ್ತಾ, ತಲೆ ಎತ್ತದೆ, ಸರ್ವರ್ ಇಲ್ಲ ಅನ್ನುತ್ತಾಳೆ.