ಬಸವರಾಜನ ಕರಾರಿನ ಹದಿನೇಳನೆಯ ಕಲಮು

ರಾಹುಕಾಲಕ್ಕೆ ಇನ್ನು ಹತ್ತು ನಿಮಿಷ ಬಾಕಿ ಇತ್ತು. ಬೈಲಹೊಂಗಲದ ಬಸವರಾಜನ ಮನೆಯಲ್ಲಿ, ದೇವರ ಮುಂದೆ, ಅರಿಷಿಣ-ಕುಂಕುಮ ಹಚ್ಚಿಸಿಕೊಂಡ ನಲವತ್ತು ಪುಟಗಳ ಇಂಗ್ಲಿಷ್ ಕರಾರುಪತ್ರವೊಂದು ಸಹಿಗಾಗಿ ಕಾದಿತ್ತು. ಮೇಲೊಂದು ಬಿಲ್ವಪತ್ರೆ.

ವಿಷಯ: ದೊಡ್ಡ ಊರಿನ ಚಹಾ ಕಂಪನಿಯೊಂದರ ಫ್ರಾಂಚೈಸಿ.

ಸದರಿ ಬಸವರಾಜ ನನ್ನ ಬಾಲ್ಯದ ಗೆಳೆಯ. ಸಾಲೆಯಲ್ಲಿ ನನ್ನ ಪಾಟಿ ನೋಡಿ ಲೆಕ್ಕ ಬರೆದವನು. ಅವನಿಗೆ ಗಾಜಿನ ಬಾಗಿಲು, ಎ.ಸಿ., ಹೊಳೆಯುವ ಬೋರ್ಡು. ನನಗೆ? ತಹಶೀಲ್ದಾರ್ ಕಚೇರಿಯ ಎದುರು ಝೆರಾಕ್ಸ್ ಅಂಗಡಿ, ಜೊತೆಗೆ ಅರ್ಜಿ ಬರೆದುಕೊಡುವ ಕೆಲಸ. (ಈ ಬರಹದಲ್ಲೂ ಅರ್ಜಿಯ ಧಾಟಿ ಕಂಡುಬಂದಲ್ಲಿ ಮಾನ್ಯ ಓದುಗರು ಮನ್ನಿಸಬೇಕು. ಅಂಕಣ ನನಗೆ ಹೊಸದು.)

ಹಿಂದಿನ ದಿನ ಆ ಕರಾರಿನ ಪ್ರತಿ ತೆಗೆಸಲು ಅವನು ನನ್ನಲ್ಲಿಗೇ ಬಂದಿದ್ದ. ಯಂತ್ರ ಬಿಸಿಯಾಗಿ ನಿಂತಾಗ ಹದಿನೇಳನೆಯ ಕಲಮು ನನ್ನ ಕೈಯಲ್ಲಿತ್ತು. ಓದಿದೆ. ಕಂಪನಿಯು ಬೈಲಹೊಂಗಲದಲ್ಲೇ ಇನ್ನೂ ಎಷ್ಟು ಅಂಗಡಿಗಳನ್ನಾದರೂ ತೆರೆಯಬಹುದು. ಆಕ್ಷೇಪಿಸುವ ಹಕ್ಕನ್ನು ಸಹಿ ಮಾಡಿದವನು ಬಿಟ್ಟುಕೊಟ್ಟಿರುತ್ತಾನೆ. ತಕರಾರು ಏನೇ ಇರಲಿ, ಬೈಲಹೊಂಗಲದ ಕೋರ್ಟಿಗೆ ಹೋಗುವಂತಿಲ್ಲ. ದಿಲ್ಲಿಯಲ್ಲಿ, ಮಧ್ಯಸ್ಥರ ಮುಂದೆ ಮಾತ್ರ.

ಹೇಳಬೇಕಿತ್ತಲ್ಲವೇ?

ಸಹಿಯ ಹೊತ್ತಿಗೆ ನಾನು ಬಾಯಿ ತೆರೆದದ್ದು ನಿಜ. ಅಷ್ಟರಲ್ಲಿ ಪೂಜೆಗೆ ಬಂದಿದ್ದ ಅಯ್ಯನವರು ಗಡಿಯಾರ ನೋಡಿದರು.

"ಲಗೂನ ಸಹಿ ಮಾಡ್ರಿ ಬಸಣ್ಣಾರ, ರಾಹುಕಾಲ ಬರಾಕ ಹತ್ತೇತಿ. ಪೂಜಿ ಆದ ಕಾಗದಾ ಓದ್ಕೋತ ಕುಂತ್ರ ದೇವರ ಮ್ಯಾಲ ಸಂಶೇ ಪಟ್ಟಂಗ!"

ಬಸವರಾಜ ನನ್ನತ್ತ ತಿರುಗಿದ. "ನೀ ನೋಡೀಯಲ್ಲಲೇ, ಎಲ್ಲಾ ಬರೋಬ್ಬರಿ ಐತಿಲ್ಲೋ?"

"ಐತಿ" ಎಂದೆ. ಸಾಕ್ಷಿದಾರನ ಜಾಗದಲ್ಲಿ ಸಹಿಯನ್ನೂ ಮಾಡಿದೆ.

ಏಕೆ? ಸಹಿಗೆ ಮೊದಲೇ ಹಂಚಿದ್ದ ಉದ್ಘಾಟನೆಯ ಕಾರ್ಡಿನಲ್ಲಿ ಅವನ ಹೆಸರಿನ ಹಿಂದೆ 'ಉದ್ಯಮಿ' ಎಂದು ಅಚ್ಚಾಗಿತ್ತು. ಆ ಒಂದು ಶಬ್ದ ನನಗೆ ಅರಗಲಿಲ್ಲ. ಆಮೇಲೆ ಉದ್ಘಾಟನೆಯಿಂದ ಮರಳಿದ ನನ್ನ ಹೆಂಡತಿ ಆ ಉರಿಗೆ ಇನ್ನಷ್ಟು ಎಣ್ಣೆ ಸುರಿದಳು: "ನಿಮ್ಮ ದೋಸ್ತರ ಅಂಗಡ್ಯಾಗ ಎಷ್ಟ್ ಥಂಡ ಐತ್ರೀ! ನಮ್ಮ ಅಂಗಡ್ಯಾಗ ಕುಂತ್ರ ಕಾದ ಹಂಚಿನ ಮ್ಯಾಲ ಕುಂತಂಗ."

ಆರು ತಿಂಗಳಾಗಿರಲಿಲ್ಲ. ಅದೇ ಕಂಪನಿ ನಮ್ಮೂರಿನ ಸವದತ್ತಿ ರಸ್ತೆಯಲ್ಲೇ ಇನ್ನೊಬ್ಬರಿಗೆ ಅಂಗಡಿ ಕೊಟ್ಟಿತು. ಸುದ್ದಿ ಕೇಳಿದ ಕ್ಷಣ ನನಗಾದದ್ದು ಸಂತೋಷ ಎಂಬುದನ್ನು ಈ ಮೂಲಕ ಒಪ್ಪಿಕೊಳ್ಳುತ್ತೇನೆ. ಗಿರಾಕಿಗಳು ಅತ್ತ ಸರಿದರು. ಬಸವರಾಜ ಎ.ಸಿ. ಬಂದ್ ಮಾಡಿದ.

ಕಳೆದ ವಾರ ಅವನು ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತ.

"ತಕರಾರ ಇದ್ರ ದಿಲ್ಲಿಗೆ ಹೋಗ್ರಿ ಅಂತಾರ ವಕೀಲರು. ಅಂಗಡಿ ಉಳಿಬೇಕಂದ್ರ ಅದೊಂದ ದಾರಿ. ಅಲ್ಲಿ ನಂಗ ಯಾರ ಗುರ್ತ ಅದಾರಲೇ? ನೀ ಬಾ ಸಂಗಾಟ. ನಿನ್ನ ಬಿಟ್ರ ನಾ ಯಾರನ್ನ ನಂಬ್ಲಿ?"

"ಬರತೇನಿ" ಎಂದೆ.

ಅವನು ನಿರಾಳವಾಗಿ ಎದ್ದು ಹೋದ. ಆಗಲೂ ನನಗೆ ಹೊಟ್ಟೆಕಿಚ್ಚೇ ಆಯಿತು. ಹೀಗೆ ಕಣ್ಣುಮುಚ್ಚಿ ನಂಬಲು ನನಗೆ ಯಾರಿದ್ದಾರೆ?

ಹೇಳುವ ಧೈರ್ಯ ಇಂದಿಗೂ ಬಂದಿಲ್ಲ, ಆದ್ದರಿಂದ ಬರೆದಿದ್ದೇನೆ. ಆದರೆ ಬಸವರಾಜ ಪತ್ರಿಕೆಯನ್ನೂ ಓದುವವನಲ್ಲ. ಅವನ ಅಂಗಡಿಯಲ್ಲಿ ಚಹಾ ಕುಡಿಯುವ ಓದುಗರಲ್ಲಿ ಯಾರಾದರೊಬ್ಬರು ಇದನ್ನು ಅವನಿಗೆ ಓದಿ ಹೇಳುವಿರಾ?